ಜಯಮ್ಮ ನೋಡಿದ ಇಟಲಿಯ ಹಸು

“ಅದುಕ್ಕೆ ಉಸಾರಿಲ್ಲ ಕಣಮ್ಮ.”

ಹಿಂದಿನ ಸಾಲಿನಿಂದ ಈ ಮಾತು ಬಂದಾಗ ನಾನು ಮೈಕ್ ಹಿಡಿದುಕೊಂಡು, ಇಟಲಿಯ ಸಿನಿಮಾವೊಂದರಲ್ಲಿ ಬರುವ ಹಸು ಹೇಗೆ ಇಡೀ ಯುರೋಪಿನ ಇತಿಹಾಸಕ್ಕೆ ರೂಪಕ ಎಂದು ವಿವರಿಸುತ್ತಿದ್ದೆ. ಇಪ್ಪತ್ತು ಜನ ಕೇಳುತ್ತಿದ್ದರು. ಅವರಲ್ಲಿ ಇಬ್ಬರು ನೋಟ್ಸ್ ಕೂಡ ಬರೆದುಕೊಳ್ಳುತ್ತಿದ್ದರು. ಎಲ್ಲರೂ ಒಟ್ಟಿಗೆ ಹಿಂದಕ್ಕೆ ತಿರುಗಿದರು.

ಮಾತಾಡಿದ್ದು ಜಯಮ್ಮ. ಯಲಹಂಕದಲ್ಲಿ ನಮ್ಮ ಚಿತ್ರಬಳಗ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಿನಿಮಾ ತೋರಿಸುವ ಹಾಲ್ ಅವರದು. ಹಾಲ್ ಇರುವ ಮೂರಂತಸ್ತಿನ ಕಟ್ಟಡವೂ ಅವರದೇ. (ಅವರು ಮದುವೆಯಾಗಿ ಬಂದಾಗ ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ.) ವಯಸ್ಸು ಅರವತ್ತೈದರ ಮೇಲೆ. ಕೆಳಗಿನ ಮನೆಯಲ್ಲಿ ವಾಸ. ಮಗ ಬಿಲ್ಡರ್. ಇವರು ಮಾತ್ರ ಹೆಸರಘಟ್ಟದ ಹತ್ತಿರ ಉಳಿಸಿಕೊಂಡ ತೋಟದಲ್ಲಿ ಐದು ಹಸು ಸಾಕಿಕೊಂಡು, ದಿನವೂ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಬರುತ್ತಾರೆ. ನಮ್ಮ ಸಿನಿಮಾಗಳ ಬಗ್ಗೆ ಅವರಿಗೆ ಯಾವ ಆಸಕ್ತಿಯೂ ಇರಲಿಲ್ಲ. ಬೀಗ ತೆಗೆದುಕೊಟ್ಟು ಇಳಿದು ಹೋಗಿಬಿಡುತ್ತಿದ್ದರು. ಆ ದಿನ ಯಾಕೋ ಪರದೆಯ ಮೇಲೆ ಹಸು ಕಂಡದ್ದೇ, ಖಾಲಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಈ ಅಂಕಣಕ್ಕೆ ಹೊಸಬರಾದವರಿಗೆ ನನ್ನ ಪರಿಚಯ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಬಾಗಲಕೋಟೆ ಕಡೆಯವಳು, ಇಪ್ಪತ್ತೈದು ವರ್ಷದಿಂದ ಯಲಹಂಕದವಳು, ಕಾಲೇಜಿನಲ್ಲಿ ಸಿನಿಮಾ ಅಧ್ಯಯನ ಕಲಿಸುವವಳು. ನನ್ನ ಸಂಶೋಧನೆ ಈಗಿನ ಇಟಲಿಯ ಆತರ್ ಸಿನಿಮಾ ಕುರಿತು. ಆತರ್ ಅಂದರೆ ಏನು ಅಂತೀರಾ? ಹೀರೋ ಯಾರು ಎಂದು ಕೇಳದೆ, ನಿರ್ದೇಶಕರು ಯಾರು ಎಂದು ಕೇಳಿಕೊಂಡು ಹೋಗಿ ನೋಡುವ ಸಿನಿಮಾ. ಕವಿತೆಗೆ ಕವಿ ಹೇಗೋ ಸಿನಿಮಾಕ್ಕೆ ನಿರ್ದೇಶಕರು ಹಾಗೆ, ಒಂದೊಂದು ಶಾಟ್‌ನಲ್ಲೂ ಅವರ ಸಹಿ ಇರುತ್ತದೆ ಎನ್ನುವ ನಂಬಿಕೆ. ಆ ಸಹಿಯನ್ನು ಹುಡುಕಿ ತೋರಿಸುವುದೇ ನನ್ನಂಥವರ ಉದ್ಯೋಗ.

ಈ ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ, ನೋಡಲು ಕೂತು, ಹದಿನೈದನೇ ನಿಮಿಷಕ್ಕೆ ನಿದ್ದೆ ಹೋಗಿ ನನ್ನನ್ನು ಬೈಯುತ್ತೀರಿ. ಕತೆ ಇಷ್ಟೇ. ಉತ್ತರ ಇಟಲಿಯ ಒಂದು ಬೆಟ್ಟದ ಊರು. ಜನ ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದಾರೆ. ಒಬ್ಬ ವಿಧವೆ, ಅವಳ ನಾಲ್ಕು ಹಸುಗಳು. ಸಿನಿಮಾದ ನಡುವೆ ಹನ್ನೊಂದು ನಿಮಿಷದ ಒಂದೇ ಒಂದು ಶಾಟ್ ಬರುತ್ತದೆ. ಕೊಟ್ಟಿಗೆಯಲ್ಲಿ ಹಸು ಮಲಗಿದೆ. ಕತ್ತನ್ನು ಹಿಂದಕ್ಕೆ ತಿರುಗಿಸಿ ತಲೆಯನ್ನು ತನ್ನದೇ ಪಕ್ಕೆಯ ಮೇಲೆ ಇಟ್ಟುಕೊಂಡಿದೆ. ಗೋಡೆಯ ಮೇಲೊಂದು ನೆರಳು. ಅದು ಏರುತ್ತದೆ, ಇಳಿಯುತ್ತದೆ, ನಡುಗುತ್ತದೆ. ಯಾರ ನೆರಳು? ತೋರಿಸುವುದಿಲ್ಲ. ಅಷ್ಟು ಹೊತ್ತೂ ಶಬ್ದ ಎನ್ನುವುದೇ ಇಲ್ಲ. ಗಾಳಿಯ ಸದ್ದು ಕೂಡ ಇಲ್ಲ. ಕೊನೆಗೆ ಹಸು ಎದ್ದು ನಿಲ್ಲುತ್ತದೆ. ಕಟ್.

ಈ ಶಾಟ್ ಮೇಲೆ ಬಂದಷ್ಟು ಬರಹ ನಮ್ಮ ವಲಯದಲ್ಲಿ ಬೇರೆ ಯಾವ ಶಾಟ್ ಮೇಲೂ ಬಂದಿಲ್ಲ. ಒಬ್ಬರು ಅದನ್ನು ಪುನರುತ್ಥಾನ ಎಂದರು. ಇನ್ನೊಬ್ಬರು ಯುದ್ಧಕಾಲದ ನೆನಪು ಎಂದರು. ನಾನು ನಲವತ್ತು ಪುಟ ಬರೆದೆ. ಹಸು ಕತ್ತು ತಿರುಗಿಸಿರುವುದು ಭೂತಕಾಲದತ್ತ. ನೆರಳು ಇತಿಹಾಸದ್ದು, ಅದರ ಏರಿಳಿತ ಇತಿಹಾಸದ ಉಸಿರಾಟ. ಆ ಮೌನ, ಮಾತು ಕಳೆದುಕೊಂಡ ಒಂದು ವರ್ಗದ್ದು. ಹನ್ನೆರಡು ವರ್ಷದ ಕೆಳಗೆ ಬರೆದದ್ದು. ನನ್ನ ಡಾಕ್ಟರೇಟ್ ನಿಂತಿರುವುದೇ ಆ ನೆರಳಿನ ಮೇಲೆ. ಈಗ ಇಟಲಿಯ ವಿಶ್ವವಿದ್ಯಾಲಯವೊಂದು ಆ ನಿರ್ದೇಶಕಿಯ ಬಗ್ಗೆ ತರುತ್ತಿರುವ ಪುಸ್ತಕಕ್ಕೂ ಅದೇ ನಲವತ್ತು ಪುಟ ಒಂದು ಅಧ್ಯಾಯವಾಗಿ ಹೋಗುವುದಿತ್ತು. ಕೊನೆಯ ಪ್ರೂಫ್ ನನ್ನ ಮೇಜಿನ ಮೇಲಿತ್ತು. ಮೂರು ವಾರದ ನಂತರ ಅಲ್ಲಿನವರೊಂದಿಗೆ ಆನ್‌ಲೈನ್ ಸೆಮಿನಾರ್. ಅದರ ರಿಹರ್ಸಲ್ ಆಗಲಿ ಎಂದೇ ಆ ಭಾನುವಾರ ನಾನು ಮೈಕ್ ಹಿಡಿದದ್ದು.

“ಉಸಾರಿಲ್ಲ ಅಂದ್ರೆ? ಯಾಕೆ ಹಾಗಂತೀರಾ ಜಯಮ್ಮನೋರೆ?” ನಾನು ನಗುತ್ತಲೇ ಕೇಳಿದೆ. (ಆಗ ಇನ್ನೂ ನಗುತ್ತಿದ್ದೆ.)

“ಆಲ್ ಜ್ವರ ಬಂದದೆ. ಕತ್ತು ನೋಡಿ, ಎಂಗ್ ವಾರೆ ಮಾಡ್ಕಂಡು ಪಕ್ಕೆ ಮೇಲೆ ಮಡಿಕ್ಕಂಡದೆ. ಆ ಗ್ವಾಡೆ ಮೇಲೆ ಅದಲ್ಲ ನೆಳ್ಳು, ಅದು ಯಾರೋ ಕೈ ಎತ್ತಿ ಬಾಟ್ಲಿ ಇಡ್ಕಂಡವ್ರೆ. ಕ್ಯಾಲ್ಸಿಯಂ ಬಾಟ್ಲಿ.”

ಯಾರೋ ಕಿಸಕ್ಕೆಂದರು. ನಾನು ದೊಡ್ಡ ಮನಸ್ಸು ಮಾಡಿದವಳ ಹಾಗೆ ಹೇಳಿದೆ: “ಇದು ಇಟಲಿ ಅಮ್ಮಾ. ಬೇರೆ ದೇಶ.”

“ಇಟ್ಲಿ ಆದ್ರೇನು ಟೀಚ್ರಮ್ಮ? ಅಸ ಅಸಾನೇ ಅಲ್ವಾ?”

ನಮ್ಮ ಬಳಗದ ಹಿರಿಯರು ಕುಲಕರ್ಣಿಯವರು, ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದವರು, ಯಾವತ್ತೂ ನನ್ನ ಪಕ್ಷ. ಆ ದಿನ ಕನ್ನಡಕ ಒರೆಸಿಕೊಂಡು ಪರದೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಅಲ್ರೀ ಮೇಡಂ, ಅವರು ಹೇಳೂದ್ರಾಗ ಏನೋ ಅದ ನೋಡ್ರಿ. ಆ ನೆರಳಿಂದ ಒಂದು ಗೆರಿ ಕೆಳಗ ಬಂದದ. ನಳಿಗೆ ಇದ್ದಂಗ ಕಾಣಸ್ತದ.”

ನಾನು ಆ ಗೆರೆಯನ್ನು ಕಾಣದವಳೇನಲ್ಲ. ಗೋಡೆಯ ಬಿರುಕು ಎಂದುಕೊಂಡಿದ್ದೆ. ಬಿರುಕಿನ ಬಗ್ಗೆಯೂ ಒಂದು ಪ್ಯಾರಾ ಬರೆದಿದ್ದೆ, ಒಡೆದ ರಾಷ್ಟ್ರ ಅಂತೆಲ್ಲ. ಈಗ ಅದನ್ನು ನಿಮ್ಮೆದುರು ಒಪ್ಪಿಕೊಳ್ಳುವಾಗಲೂ ಕಿವಿ ಬಿಸಿಯಾಗುತ್ತಿದೆ.

“ಇಂಟರೆಸ್ಟಿಂಗ್ ಪಾಯಿಂಟ್” ಎಂದು ಹೇಳಿ ಮುಂದಿನ ಸ್ಲೈಡ್‌ಗೆ ಹೋದೆ. (ನಾವು ಮೇಷ್ಟ್ರುಗಳು ಯಾರ ಮಾತನ್ನಾದರೂ ಕೇಳಿಸಿಕೊಳ್ಳಬಾರದು ಎಂದು ತೀರ್ಮಾನಿಸಿದಾಗ ಹೇಳುವುದು ಇದನ್ನೇ.) ಜಯಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದರು: “ನಮ್ ಕೆಂಪಿಗೂ ಓದ್ಸತಿ ಇಂಗೇ ಆಗಿತ್ತು. ಒಂದ್ಸತಿ ಬಂದ್ರೆ ತಿರ್ಗ ಬರ್ತದಂತೆ. ಈಗ ದಿನ ತುಂಬವೆ ಅವ್ಳಿಗೆ. ಭಯ ಆಗ್ತದೆ.”

ಅವರ ಭಯ ನನಗೆ ಆ ಹೊತ್ತು ಕೇಳಿಸಲೇ ಇಲ್ಲ. ನನ್ನ ಭಯವೇ ನನಗೆ ಸಾಕಾಗಿತ್ತು.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ. ಆ ಶಾಟ್ ಹಾಕಿದೆ. ಮತ್ತೆ ಹಾಕಿದೆ. ಚಿತ್ರವನ್ನು ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಗೆರೆ ಗೋಡೆಯ ಕೆಳಗಿನ ತನಕ ಹೋಗುವುದಿಲ್ಲ. ಹಸುವಿನ ಕತ್ತಿನ ಹಿಂದೆ ಮಾಯವಾಗುತ್ತದೆ. ಬಿರುಕು ಹಾಗೆ ಹೋಗುತ್ತದೆಯೇ? ಆಮೇಲೆ ಫೋನಿನಲ್ಲಿ ಹಾಲುಜ್ವರ ಎಂದು ಹುಡುಕಿದೆ. ಹಸು ಈದ ಒಂದೆರಡು ದಿನದಲ್ಲಿ, ಹಾಲು ಇಳಿಯುವ ಭರಕ್ಕೆ ಮೈಯಲ್ಲಿನ ಕ್ಯಾಲ್ಸಿಯಂ ಖಾಲಿಯಾಗಿ ಬರುವ ಕಾಯಿಲೆ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಏಳಲಾಗದೆ ಮಲಗಿಬಿಡುತ್ತದೆ. ಜೊತೆಗೊಂದು ಫೋಟೋ. ಅದೇ ಕತ್ತು. ಅದೇ ತಿರುವು. ಭೂತಕಾಲದತ್ತ ನೋಡುತ್ತಿದ್ದ ನನ್ನ ಇಟಲಿಯ ಹಸು ಯಾವುದೋ ಪಶುವೈದ್ಯಕೀಯ ಪಾಠದ ಪುಟದಲ್ಲಿ ಮಲಗಿತ್ತು.

ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಸಂಜೆ ನನ್ನ ತಲೆಗೆ ಮೊದಲು ಬಂದದ್ದು ಸತ್ಯದ ಚಿಂತೆಯಲ್ಲ. ಯಾರಿಗೆ ಗೊತ್ತಾಗುತ್ತದೆ ಎನ್ನುವುದು ಬಂತು. ಜಯಮ್ಮ ಇಂಗ್ಲಿಷ್ ಓದುವುದಿಲ್ಲ. ಕುಲಕರ್ಣಿಯವರು ಮರೆತುಬಿಡುತ್ತಾರೆ. ಇಟಲಿಯಲ್ಲಿ ಯಾರಿಗೂ ತೋಚದ್ದು ಇನ್ನು ಮುಂದೆಯೂ ತೋಚುವುದಿಲ್ಲ. ಪ್ರೂಫಿನಲ್ಲಿ ನಾಲ್ಕು ಕಾಮಾ ತಿದ್ದಿ ಕಳಿಸಿದರೆ ಮುಗಿಯಿತು. ಜೊತೆಗೆ ನನ್ನ ಓದಿನ ಬೆಂಬಲವೂ ಇತ್ತು. ಕಲಾಕೃತಿಯ ಅರ್ಥ ಅದು ಹುಟ್ಟಿದ ಸಂದರ್ಭಕ್ಕೆ ಕಟ್ಟುಬಿದ್ದಿಲ್ಲ ಎನ್ನುವ ವಾದವನ್ನು ವರ್ಷಕ್ಕೆರಡು ಸಲ ಪಾಠ ಮಾಡುವವಳು ನಾನೇ ಅಲ್ಲವೇ? ಹಸುವಿಗೆ ಕಾಯಿಲೆ ಇದ್ದರೆ ಇರಲಿ. ರೂಪಕಕ್ಕೇನೂ ಕಾಯಿಲೆ ಇಲ್ಲವಲ್ಲ!

ಎಷ್ಟು ಚೆಂದದ ವಾದ. ಒಂಬತ್ತು ದಿನ ಅದನ್ನೇ ಹೊದ್ದು ಮಲಗಿದೆ.

ಹತ್ತನೇ ದಿನ, ಮಂಗಳವಾರ, ಬೆಳಿಗ್ಗೆ ಏಳೂವರೆಗೆ ಫೋನ್ ಬಂತು.

“ಟೀಚ್ರಮ್ಮ, ಕೆಂಪಿ ಮಲ್ಗವ್ಳೆ. ಡಾಕ್ಟ್ರಿಗೆ ಯೋಳಿವ್ನಿ, ಬತ್ತಾವ್ರೆ. ನೀವು ನೋಡಂಗಿದ್ರೆ ಬನ್ನಿ.” ಜಯಮ್ಮ.

ಹತ್ತು ಗಂಟೆಗೆ ಕ್ಲಾಸ್ ಇತ್ತು. ಸಹೋದ್ಯೋಗಿಗೆ ಒಂದು ಮೆಸೇಜ್ ಹಾಕಿ ಸ್ಕೂಟರ್ ತೆಗೆದೆ. ಹೆಸರಘಟ್ಟದ ದಾರಿಯಲ್ಲಿ ಲೇಔಟ್‌ಗಳ ಬೋರ್ಡ್ ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ ಒಂದು ಕ್ಷಣ ಅನಿಸಿತು: ನಾನು ಯಾಕೆ ಹೋಗುತ್ತಿದ್ದೇನೆ? ಅವರು ತಪ್ಪು ಎಂದು ಸಾಬೀತಾಗಲಿ ಅಂತಲೋ, ಸರಿ ಎಂದು ಸಾಬೀತಾಗಲಿ ಅಂತಲೋ? ಈಗಲೂ ಗೊತ್ತಿಲ್ಲ.

ತೋಟದ ಮೂಲೆಯಲ್ಲಿ ಶೀಟಿನ ಕೊಟ್ಟಿಗೆ. ಪಕ್ಕದಲ್ಲಿ ಹೊಸ ಕರುವನ್ನು ಗೋಣಿಚೀಲದ ಮೇಲೆ ಮಲಗಿಸಿದ್ದರು. ಕೆಂಪಿ ಒಳಗಿತ್ತು. ಅದೇ ಶಾಟ್. ಕತ್ತು ಹಿಂದಕ್ಕೆ ತಿರುಗಿ ತಲೆ ಪಕ್ಕೆಯ ಮೇಲೆ. ಕಣ್ಣು ತೆರೆದಿದೆ, ಆದರೆ ಏನನ್ನೂ ನೋಡುತ್ತಿಲ್ಲ. ಜಯಮ್ಮ ಅದರ ತಲೆಯನ್ನು ನೆಟ್ಟಗೆ ಮಾಡಿ ಮುಂದಕ್ಕೆ ತಂದರು. ಕೈ ಬಿಟ್ಟ ತಕ್ಷಣ ತಲೆ ಮತ್ತೆ ಹಿಂದಕ್ಕೇ ಹೋಯಿತು.

“ಕಿವಿ ಮುಟ್ಟಿ ನೋಡಿ.”

ಮುಟ್ಟಿದೆ. ಫ್ರಿಜ್‌ನಿಂದ ಈಗ ತೆಗೆದ ಸೊಪ್ಪಿನ ಹಾಗೆ ತಣ್ಣಗಿತ್ತು.

ಹನ್ನೆರಡು ವರ್ಷದ ಕೆಳಗೆ ಇಂಥದೊಂದು ಹಸುವಿನ ಬಗ್ಗೆ ನಲವತ್ತು ಪುಟ ಬರೆದಿದ್ದೆ, ಸ್ವಾಮಿ. ಮುಟ್ಟಿದ್ದು ಆವತ್ತೇ ಮೊದಲು.

ಪಶುವೈದ್ಯರು ಬೈಕಿನಲ್ಲಿ ಬಂದರು. ಕಿಬ್ಬೊಟ್ಟೆ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಕತ್ತಿನ ನರ ಹುಡುಕಿ ಸೂಜಿ ಹಾಕಿದರು. ಬಾಟಲಿಗೆ ನಳಿಗೆ ಸಿಕ್ಕಿಸಿ ಸುತ್ತ ನೋಡಿದರು. ಜಯಮ್ಮ ಹಸುವಿನ ತಲೆ ಹಿಡಿದು ಕೂತಿದ್ದರು. ಅವರನ್ನು ಬಿಟ್ಟರೆ ಅಲ್ಲಿದ್ದವಳು ನಾನೊಬ್ಬಳೇ.

“ಮೇಡಂ, ಸ್ವಲ್ಪ ಹಿಡ್ಕೊಳ್ತೀರಾ? ಎತ್ತರಕ್ಕೆ ಹಿಡೀರಿ. ನಾನು ಇಳಿಸಿ ಅಂದಾಗ ಇಳಿಸ್ಬೇಕು. ಕ್ಯಾಲ್ಸಿಯಂ ಬೇಗ ಹೋದ್ರೆ ಹಾರ್ಟ್ ನಿಂತೋಗುತ್ತೆ.”

ಬಾಟಲಿ ನನ್ನ ಕೈಗೆ ಬಂತು.

ಎತ್ತರಕ್ಕೆ ಹಿಡಿದರೆ ಔಷಧಿ ಜೋರಾಗಿ ಇಳಿಯುತ್ತದೆ. ತಗ್ಗಿಸಿದರೆ ನಿಧಾನ. ಡಾಕ್ಟರ್ ಒಂದು ಕೈಯಲ್ಲಿ ಸೂಜಿ ಹಿಡಿದು, ಕಿವಿಯಲ್ಲಿ ಎದೆಬಡಿತ ಕೇಳುತ್ತಾ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. “ಎತ್ತಿ. ಇನ್ನೂ ಸ್ವಲ್ಪ. ಹಾಂ. ಇಳಿಸಿ, ಇಳಿಸಿ. ಸಾಕು. ಈಗ ಎತ್ತಿ.” ಐದು ನಿಮಿಷಕ್ಕೆ ನನ್ನ ತೋಳು ನೋಯತೊಡಗಿತು. ಎಂಟನೇ ನಿಮಿಷಕ್ಕೆ ನಡುಗತೊಡಗಿತು. ಕೈ ಬದಲಿಸಿದೆ. ಬೆಳಗಿನ ಬಿಸಿಲು ಬಾಗಿಲಿನಿಂದ ಓರೆಯಾಗಿ ಬೀಳುತ್ತಿತ್ತು. ತಲೆಯೆತ್ತಿ ನೋಡಿದರೆ ಎದುರಿನ ಗೋಡೆಯ ಮೇಲೆ ನನ್ನ ನೆರಳು.

ಏರುತ್ತಿತ್ತು. ಇಳಿಯುತ್ತಿತ್ತು. ನಡುಗುತ್ತಿತ್ತು.

ಇತಿಹಾಸದ ಉಸಿರಾಟ ಎಂದು ಬರೆದಿದ್ದೆನಲ್ಲ, ಅದು ಒಂದು ತೋಳು. ಯಾರೋ ಒಬ್ಬರು, ಒಂದು ಪ್ರಾಣಿಯ ಎದೆಬಡಿತಕ್ಕೆ ತಕ್ಕಂತೆ ತಮ್ಮ ತೋಳನ್ನು ಎತ್ತಿ ಇಳಿಸುತ್ತಾ ನಿಂತಿದ್ದರು. ನನ್ನ ನಲವತ್ತು ಪುಟದಲ್ಲಿ ಇದಕ್ಕಿಂತ ದೊಡ್ಡ ಮಾತು ಯಾವುದಿತ್ತು? ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಸಿಗಲಿಲ್ಲ.

ಬಾಟಲಿ ಮುಕ್ಕಾಲು ಖಾಲಿಯಾಗುವ ಹೊತ್ತಿಗೆ ಕೆಂಪಿಯ ಮೈಯೆಲ್ಲ ಒಮ್ಮೆ ಕಂಪಿಸಿತು. ನಾನು ಹೆದರಿ ಡಾಕ್ಟರ ಮುಖ ನೋಡಿದೆ. ಅವರು ಮೊದಲ ಸಲ ನಕ್ಕರು. ಹಸು ಜೋರಾಗಿ ತೇಗಿತು. ಒಣಗಿದ್ದ ಮೂತಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ ಮೂಡಿತು. “ನೋಡಿ ನೋಡಿ, ಮೂತಿ ಬೆವರ್ತಾ ಅದೆ!” ಎಂದು ಜಯಮ್ಮ ಕೂಗಿದರು. ಇನ್ನೊಂದಿಷ್ಟು ಹೊತ್ತು ಬಿಟ್ಟು ಕೆಂಪಿ ಹಿಂಗಾಲು ಊರಿತು, ತೂರಾಡಿತು, ಎದ್ದು ನಿಂತಿತು. ನಿಂತು ನನ್ನ ಚಪ್ಪಲಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ಯಿತು.

ಜಯಮ್ಮ ಅದರ ಕತ್ತಿಗೆ ಹಣೆ ಹಚ್ಚಿಕೊಂಡು ಅತ್ತರು. ನಾನೂ ಅತ್ತೆ. ಯಾಕೆ ಎಂದು ಕೇಳಬೇಡಿ.

“ಜಯಮ್ಮನೋರೆ, ನೀವು ಹೇಳಿದ್ದೇ ಸರಿ” ಅಂದೆ.

“ಏನು?”

ಆ ಗಡಿಬಿಡಿಯಲ್ಲಿ ಅವರು ಸಿನಿಮಾವನ್ನೇ ಮರೆತಿದ್ದರು. ಅವರಿಗೆ ಗೆಲ್ಲಬೇಕಾದದ್ದು ಕೆಂಪಿ, ವಾದವಲ್ಲ.

ಮನೆಗೆ ಬಂದು ಇಟಲಿಯ ಆ ಪುಸ್ತಕದ ಸಂಪಾದಕಿಗೆ ಇಮೇಲ್ ಬರೆದೆ. ನನ್ನ ಅಧ್ಯಾಯ ತಪ್ಪು, ಅಚ್ಚಿಗೆ ಕಳಿಸಬೇಡಿ, ಸೆಮಿನಾರಿನಲ್ಲಿ ವಿವರವಾಗಿ ಹೇಳುತ್ತೇನೆ ಅಂತ. ಕಳಿಸುವ ಬಟನ್ ಒತ್ತುವ ಮೊದಲು ಎರಡು ಲೋಟ ಚಹಾ ಕುಡಿದೆ ಎನ್ನುವುದನ್ನೂ ದಾಖಲಿಸಿಬಿಡುತ್ತೇನೆ.

ಸೆಮಿನಾರ್ ನಮ್ಮ ಸಂಜೆಗೆ, ಅವರ ಮಧ್ಯಾಹ್ನಕ್ಕೆ. ಪರದೆಯ ಮೇಲೆ ಹದಿನಾರು ಮುಖಗಳು. ಅರ್ಧದಷ್ಟು ಜನರ ಪುಸ್ತಕ ನನ್ನ ಕಪಾಟಿನಲ್ಲಿದೆ. ನಾನು ಸ್ಲೈಡ್ ಹಾಕಲಿಲ್ಲ. ಜಯಮ್ಮ ಯಾರು, ಹಾಲ್‌ನಲ್ಲಿ ಏನು ಹೇಳಿದರು, ಮಂಗಳವಾರ ಹೆಸರಘಟ್ಟದಲ್ಲಿ ಏನಾಯಿತು, ನನ್ನ ತೋಳು ಹೇಗೆ ನಡುಗಿತು, ಎಲ್ಲವನ್ನೂ ಹೇಳಿದೆ. ಆ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದೆ.

ನಮ್ಮ ಕ್ಷೇತ್ರದ ಹಿರಿಯ ಪ್ರೊಫೆಸರ್ ಒಬ್ಬರು ಗಂಟಲು ಸರಿಪಡಿಸಿಕೊಂಡರು. ಪುನರುತ್ಥಾನ ಎಂದು ಮೊದಲು ಬರೆದವರು ಅವರೇ. “ಕೊಟ್ಟಿಗೆಯಲ್ಲಿ ಏನಾಯಿತು ಎನ್ನುವುದು ಪಶುವೈದ್ಯರ ವಿಷಯ. ನಮಗೆ ಮುಖ್ಯ ಪರದೆಯ ಮೇಲೆ ಏನಿದೆ ಎನ್ನುವುದು” ಎಂದರು. ಬಹಳ ಸೌಜನ್ಯದಿಂದಲೇ ಹೇಳಿದರು.

ಹಿಂದಿನ ನಾನಾಗಿದ್ದರೆ ತಲೆಯಾಡಿಸುತ್ತಿದ್ದೆ. ಈ ಸಲ ಇಲ್ಲ.

“ನಾನು ಹೇಳುತ್ತಿರುವುದು ಪರದೆಯ ಮೇಲೆ ಇರುವುದನ್ನೇ ಸಾರ್” ಅಂದೆ. “ನಳಿಗೆ ಪರದೆಯ ಮೇಲಿದೆ. ಕೈ ಪರದೆಯ ಮೇಲಿದೆ. ಇತಿಹಾಸ ಎಲ್ಲಿದೆ, ತೋರಿಸಿ.”

ಆಗ, ಅಷ್ಟು ಹೊತ್ತೂ ಕ್ಯಾಮೆರಾ ಆಫ್ ಮಾಡಿಕೊಂಡಿದ್ದ ಒಬ್ಬ ಹೆಂಗಸು ಕ್ಯಾಮೆರಾ ಆನ್ ಮಾಡಿದರು. ಅಲ್ಲಿಯದೇ ಒಂದು ಸಣ್ಣ ಊರಿನ ಕಾಲೇಜಿನ ಮೇಷ್ಟ್ರು. ನನ್ನದೇ ವಯಸ್ಸು. ತಮ್ಮ ಅಜ್ಜಿ ಬೆಟ್ಟದ ಊರಿನಲ್ಲಿ ಹಸು ಸಾಕಿಕೊಂಡಿದ್ದರು ಎಂದರು. ಈ ಸಿನಿಮಾವನ್ನು ವಿದ್ಯಾರ್ಥಿನಿಯಾಗಿದ್ದಾಗ ಮೊದಲ ಸಲ ನೋಡಿದಾಗಲೇ ಅದು ಔಷಧಿಯ ಬಾಟಲಿ ಎಂದು ತಮಗೆ ಗೊತ್ತಾಗಿತ್ತು ಎಂದರು.

“ಮತ್ತೆ ಯಾಕೆ ಹೇಳಲಿಲ್ಲ?” ಸಂಪಾದಕಿ ಕೇಳಿದರು.

“ತರಗತಿಯಲ್ಲಿ ಎಲ್ಲರೂ ಇತಿಹಾಸದ ಬಗ್ಗೆ ಮಾತಾಡುತ್ತಿದ್ದರು. ನಾನು ಕೊಟ್ಟಿಗೆಯ ಬಗ್ಗೆ ಹೇಗೆ ಮಾತಾಡಲಿ? ಹಳ್ಳಿಯವಳು ಎಂದು ಗೊತ್ತಾಗುತ್ತಿತ್ತು.”

ಈ ಮಾತು ನನ್ನನ್ನು ಇಡೀ ವಾರ ಬಿಡಲಿಲ್ಲ. ನಮ್ಮ ಕ್ಲಾಸ್‌ರೂಮುಗಳಲ್ಲಿ ಇಂಥವರು ಎಷ್ಟು ಜನ ಸುಮ್ಮನೆ ಕೂತು ಪಾಸಾಗಿ ಹೋದರೋ! ಗೊರಗುಂಟೆಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಅಮ್ಮ ಕೆಲಸ ಮಾಡುವ ವಿದ್ಯಾರ್ಥಿನಿ ನನ್ನ ಕ್ಲಾಸಿನಲ್ಲಿ ಇದ್ದಾಳೆ. ಸಿನಿಮಾದಲ್ಲಿ ಫ್ಯಾಕ್ಟರಿಯ ದೃಶ್ಯ ಬಂದಾಗ ನಾನು ಅವಳನ್ನು ಏನಾದರೂ ಕೇಳಿದ್ದೇನೆಯೇ? ಇಲ್ಲ. ಪುಸ್ತಕದಲ್ಲಿ ಏನಿದೆಯೋ ಅದನ್ನು ಅವಳಿಗೇ ಹೇಳಿಕೊಟ್ಟಿದ್ದೇನೆ. ಯಶವಂತಪುರದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಮಗನಿಗೆ, ಪರದೆಯ ಮೇಲೆ ಮೂಟೆ ಹೊರುವವನ ನಡಿಗೆಯ ‘ಸೌಂದರ್ಯ’ವನ್ನು ವಿವರಿಸಿ ನೂರಕ್ಕೆ ಐವತ್ತೆರಡು ಮಾರ್ಕ್ಸ್ ಕೊಟ್ಟವಳೂ ನಾನೇ. ಈಗ ಕ್ಲಾಸಿನಲ್ಲಿ ಸಿನಿಮಾ ಮುಗಿದ ಮೇಲೆ ನಾನು ಮೊದಲು ಮಾತಾಡುವುದಿಲ್ಲ. “ಇದರಲ್ಲಿ ನಿಮಗೆ ಗೊತ್ತಿರೋ ಕೆಲಸ ಯಾವುದಿದೆ, ಹೇಳಿ” ಎನ್ನುತ್ತೇನೆ. ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಈಗ ಬೆಲ್ ಹೊಡೆದರೂ ನಿಲ್ಲಿಸುವುದಿಲ್ಲ.

ಅಧ್ಯಾಯವನ್ನು ಹೊಸದಾಗಿ ಬರೆದೆ. ನಲವತ್ತು ಪುಟ ಹದಿನೆಂಟಕ್ಕೆ ಇಳಿಯಿತು. ನನ್ನ ಹೆಸರಿನ ಪಕ್ಕ ಜಯಮ್ಮನ ಹೆಸರು ಹಾಕಿದೆ. ಅಡಿಟಿಪ್ಪಣಿಯಲ್ಲಿ ಕೃತಜ್ಞತೆ ಹೇಳಿ ಮುಗಿಸಬಹುದಲ್ಲ ಎಂದು ಸಂಪಾದಕಿ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ನೋಡಿದವರು ಅವರು, ಬರೆದವಳು ನಾನು. ಸರಿ, ಹಾಗಾದರೆ ಇವರ ಸಂಸ್ಥೆ ಯಾವುದೆಂದು ತಿಳಿಸಿ ಎಂದು ಉತ್ತರ ಬಂತು. ಪ್ರತಿ ಲೇಖಕರ ಹೆಸರಿನ ಕೆಳಗೆ ಅವರು ಯಾವ ಸಂಸ್ಥೆಯವರು ಎಂದು ಹಾಕಲೇಬೇಕಂತೆ.

ಜಯಮ್ಮನನ್ನೇ ಕೇಳಿದೆ.

“ನಮ್ ಆಲ್ ಉತ್ಪಾದಕರ ಸಂಘ ಅದಲ್ಲ, ಅದ್ರಲ್ಲಿ ಮೆಂಬ್ರು ನಾನು. ಆಕ್ಬೌದಾ?”

ಹಾಕಿದ್ದೇವೆ. ಅತ್ತ ಕಡೆ ವಿಶ್ವವಿದ್ಯಾಲಯಗಳ ಸಾಲು, ನಡುವೆ ಒಂದು ಹಾಲು ಉತ್ಪಾದಕರ ಸಂಘ. ಯಾರೂ ತಕರಾರು ಮಾಡಿಲ್ಲ.

ಇಷ್ಟರಲ್ಲಿ ಸಂಪಾದಕಿಗೂ ಕುತೂಹಲ ಹುಟ್ಟಿ, ಆ ಸಿನಿಮಾದಲ್ಲಿ ಕೆಲಸ ಮಾಡಿದ ಕ್ಯಾಮೆರಾ ಸಹಾಯಕರೊಬ್ಬರನ್ನು ಪತ್ತೆ ಮಾಡಿ ಮಾತಾಡಿಸಿದ್ದಾರೆ. ಕಳೆದ ತಿಂಗಳು ಸಂಪಾದಕಿಯಿಂದ ಉದ್ದದ ಪತ್ರ ಬಂತು. ನಾನು ಅದನ್ನು ಪ್ರಿಂಟ್ ತೆಗೆದುಕೊಂಡು ನೇರ ಜಯಮ್ಮನ ಮನೆಗೆ ಹೋಗಿ, ಅವರು ಸೊಪ್ಪು ಬಿಡಿಸುತ್ತಾ ಕೂತಿದ್ದ ಜಗಲಿಯಲ್ಲೇ ಕೂತು ಕನ್ನಡದಲ್ಲಿ ಹೇಳಿದೆ.

ಆವತ್ತು ತೆಗೆಯಬೇಕಿದ್ದದ್ದು ಬೇರೆಯೇ ದೃಶ್ಯವಂತೆ. ಕ್ಯಾಮೆರಾ ಇಟ್ಟು ಲೈಟ್ ಸರಿ ಮಾಡುವ ಹೊತ್ತಿಗೆ ಹಸು ಬಿದ್ದುಬಿಟ್ಟಿತು. ಕೊಟ್ಟಿಗೆಯ ಒಡತಿ ಡಾಕ್ಟರನ್ನು ಕರೆಸಿ, ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಸಿನಿಮಾದವರ ಮೇಲೆ ರೇಗಿದಳು. ನೋಡುತ್ತಾ ನಿಂತಿದ್ದೀರಲ್ಲ, ಯಾರಾದರೂ ಬಾಟಲಿ ಹಿಡಿಯಿರಿ! ಹತ್ತಿರದಲ್ಲಿದ್ದವನು ಸೌಂಡ್ ರೆಕಾರ್ಡ್ ಮಾಡುವವನು. ಮೈಕು, ಮಿಷನ್ನು ಎಲ್ಲವನ್ನೂ ಕೆಳಗಿಟ್ಟು ಬಾಟಲಿ ಹಿಡಿದ. ಅಷ್ಟರಲ್ಲಿ ಕ್ಯಾಮೆರಾ ಓಡತೊಡಗಿತ್ತು, ಡಾಕ್ಟರು ಹಸುವಿನ ಮೈಯ ಮರೆಯಲ್ಲಿ ಕೂತಿದ್ದರಿಂದ ಕಾಣಲಿಲ್ಲ. ಶಬ್ದ ಹಿಡಿಯುವವರು ಯಾರೂ ಇರಲಿಲ್ಲ.

ಆ ಪ್ರಸಿದ್ಧ ಮೌನದ ಕತೆ ಇಷ್ಟೇ.

(ಆ ಮೌನದ ಬಗ್ಗೆ ಬಂದಿರುವ ಬರಹಗಳನ್ನೆಲ್ಲ ಒಟ್ಟು ಮಾಡಿ ಜೋಡಿಸಿಟ್ಟರೆ ಒಂದು ಸಣ್ಣ ಸ್ಟೂಲ್ ಆಗುತ್ತದೆ. ಅದರಲ್ಲಿ ಒಂದು ಕಾಲು ನನ್ನದು.)

ಹಾಗಾದರೆ ನಿರ್ದೇಶಕಿಯದು ಏನೂ ಇಲ್ಲವೇ? ಇದೆ. ಖಂಡಿತ ಇದೆ. ಸಂಕಲನ ಮಾಡುವಾಗ ಆ ಶಾಟ್ ಕಿತ್ತೆಸೆಯಬಹುದಿತ್ತು. ಹಸುವಿನ ಉಸಿರು, ಗಾಳಿ, ಗಂಟೆಯ ಸದ್ದು ಏನಾದರೂ ಸೇರಿಸಬಹುದಿತ್ತು. ಎಲ್ಲರೂ ಸೇರಿಸಿ ಎಂದೇ ಹೇಳಿದರಂತೆ. ಆಕೆ ಒಪ್ಪಲಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಬಾಟಲಿ ಹಿಡಿಯುವುದೊಂದೇ ಕೆಲಸ, ಅದಕ್ಕಾಗಿ ಅವನು ಮೈಕ್ ಕೆಳಗಿಟ್ಟ, ಶಾಟ್ ಸದ್ದಿಲ್ಲದೆಯೇ ಇರಲಿ ಎಂದರಂತೆ. ಆಕೆಯ ಸಹಿ ಅಲ್ಲಿದೆ. ನಾನು ಹುಡುಕುತ್ತಿದ್ದದ್ದು ಗೋಡೆಯ ಮೇಲೆ. ಹೊಸ ಅಧ್ಯಾಯದಲ್ಲಿ ಇದನ್ನೇ ಬರೆದಿದ್ದೇನೆ, ಮತ್ತು ಇದು ಹಳೆಯದಕ್ಕಿಂತ ಒಳ್ಳೆಯ ಬರಹ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ತಪ್ಪು ಮಾಡುವುದರಲ್ಲಿ ನನಗೆ ಹನ್ನೆರಡು ವರ್ಷದ ಅನುಭವವಿದೆ, ಸರಿಯಾದದ್ದು ಸಿಕ್ಕರೆ ಗುರುತಿಸಬಲ್ಲೆ.

ಜಯಮ್ಮ ಎಲ್ಲವನ್ನೂ ಕೇಳಿ ಮನಸಾರೆ ನಕ್ಕರು. “ಆ ಎಂಗ್ಸು ರೇಗಿದ್ದೇ ಸರಿ. ನಾನಾಗಿದ್ರೂ ರೇಗ್ತಿದ್ದೆ” ಅಂದರು. ಮತ್ತೆ ಸೊಪ್ಪಿನ ಕಡೆ ತಿರುಗಿದವರು, ಒಂದು ಕಂತೆ ಮುಗಿಸಿ, ಕೈ ನಿಲ್ಲಿಸಿ ಕೇಳಿದರು:

“ಅಲ್ಲ ಟೀಚ್ರಮ್ಮ, ಅದು ಈದಿದ್ಮೇಲೆ ತಾನೇ ಅಂಗಾಗದು? ಕರ ಎ‌ಲ್ಲಿತ್ತಂತೆ?”

ನಾನು ಪತ್ರವನ್ನು ತಿರುಗಿಸಿ ನೋಡಿದೆ. ಎರಡೂ ಬದಿ ನೋಡಿದೆ. ಸಿನಿಮಾವನ್ನು ಮನಸ್ಸಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿಸಿದೆ. ಎಲ್ಲೂ ಇಲ್ಲ.

“ಗೊತ್ತಿಲ್ಲಮ್ಮ” ಅಂದೆ.

“ಕೇಳ್ಬಾರ್ದಾ?”

ಕೇಳಿ ಬರೆದಿದ್ದೇನೆ. ಸಂಪಾದಕಿ ಆ ಕ್ಯಾಮೆರಾ ಸಹಾಯಕರನ್ನು ಮತ್ತೆ ವಿಚಾರಿಸಿದರಂತೆ. ಅವರಿಗೂ ನೆನಪಿಲ್ಲ. ಆ ಹಸುವನ್ನು ನೋಡುತ್ತಾ ಎರಡು ಖಂಡಗಳಲ್ಲಿ ಇಷ್ಟು ಜನ, ಇಷ್ಟು ವರ್ಷ ಬರೆದೆವಲ್ಲ, ಅದಕ್ಕೊಂದು ಕರು ಇದ್ದಿರಬೇಕು ಎಂದು ನಮ್ಮಲ್ಲಿ ಒಬ್ಬರಿಗಾದರೂ ಯಾಕೆ ಹೊಳೆಯಲಿಲ್ಲ?